ವಿದ್ಯುದ್ರಥವೂ ಮನೆಯ ತಂತಿಯೂ

ಹಸುರು ಬಣ್ಣದ ಅಂಕಿಫಲಕವನ್ನು ತೊಟ್ಟು ಸದ್ದಿಲ್ಲದೆ ಸಂಚರಿಸುವ ಮೋಟಾರು ಗಾಡಿಗಳನ್ನು ಹಾಸನದ ಬೀದಿಗಳಲ್ಲಿ ವಾಚಕರು ಈಗ ಕಂಡಿರಬಹುದು. ಹೊಗೆಯುಗುಳದೆ, ಗುಡುಗದೆ ಪಕ್ಕದಲ್ಲಿ ಹಾದುಹೋಗುವ ಇವುಗಳನ್ನು ಕಂಡು ಕೆಲವರು ಬೆರಗಾಗುತ್ತಾರೆ, ಕೆಲವರು ಸಂಶಯಪಡುತ್ತಾರೆ. ಇವು ವಿದ್ಯುಚ್ಛಕ್ತಿಯಿಂದ ನಡೆಯುವ ಗಾಡಿಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿರುವ ನಮ್ಮ ಬಂಧುಮಿತ್ರರು ಇವುಗಳ ವಿಷಯವಾಗಿ ಕೇಳುವ ಪ್ರಶ್ನೆಗಳು ಪ್ರಾಯಶಃ ಎರಡೇ. ಒಂದು ಸಲ ತುಂಬಿದರೆ ಎಷ್ಟು ದೂರ ಓಡುತ್ತದೆ? ದಾರಿಯಲ್ಲಿ ನಿಂತುಹೋದರೆ ಗತಿಯೇನು? ಇವು ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಇವೆರಡಕ್ಕೂ ಮೊದಲು ಕೇಳಬೇಕಾದ ಮೂರನೆಯ ಪ್ರಶ್ನೆಯೊಂದುಂಟು. ಅದು ಗಾಡಿಗೆ ಸೇರಿದ್ದಲ್ಲ, ಮನೆಗೆ ಸೇರಿದ್ದು. ಅದನ್ನು ಗೃಹಸ್ಥರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ. ಗಾಡಿಯು ನಡೆಯುವ ಬಗೆಯನ್ನು ಮೊದಲು ತಿಳಿದುಕೊಂಡರೆ ಆ ಪ್ರಶ್ನೆಯ ಗುರುತ್ವವು ತಾನಾಗಿಯೇ ಮನಸ್ಸಿಗೆ ಬರುವುದು.

ಚಕ್ರವನ್ನು ತಿರುಗಿಸುವ ಯಂತ್ರಕ್ಕೆ ಮೋಟಾರೆಂದು ಹೆಸರು. ಅದರ ಮೂಲತತ್ತ್ವವು ಇಷ್ಟೇ: ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿರುವಷ್ಟು ಹೊತ್ತು ಅದರ ಸುತ್ತಲೂ ಅಯಸ್ಕಾಂತದ ಗುಣವಿರುತ್ತದೆ, ಪ್ರವಾಹವು ನಿಂತೊಡನೆ ಆ ಗುಣವೂ ನಿಲ್ಲುತ್ತದೆ. ಪ್ರವಾಹವಿರುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪಂಡಿತನು ಕಂಡನು. ಮರುವರ್ಷವೇ ಇಂಗ್ಲೆಂಡಿನ ಫ್ಯಾರಡೆಯು ಅಯಸ್ಕಾಂತದ ಸುತ್ತಲೂ ತಂತಿಯು ಸುತ್ತುತ್ತಿರುವಂತೆ ಮಾಡಿ ತೋರಿಸಿದನು. ನಮ್ಮ ರಸಶಾಸ್ತ್ರದ ಗ್ರಂಥಗಳಲ್ಲಿ ಕಾಂತಲೋಹದ ಭೇದಗಳನ್ನು ಎಣಿಸುವಾಗ ಭ್ರಾಮಕ, ಚುಂಬಕ, ಕರ್ಷಕ ಮೊದಲಾದ ಹೆಸರುಗಳು ಬರುತ್ತವೆ. ಕಬ್ಬಿಣವನ್ನು ತಿರುಗಿಸುವುದು ಭ್ರಾಮಕ, ಅಂಟಿಸಿಕೊಳ್ಳುವುದು ಚುಂಬಕ, ಎಳೆಯುವುದು ಕರ್ಷಕ. ಹೆಸರು ಇದ್ದಮಾತ್ರಕ್ಕೆ ಹಿಂದಿನವರು ಮೋಟಾರನ್ನು ಕಟ್ಟಿದ್ದರೆಂದು ಹೇಳುವುದು ಅಸಂಬದ್ಧ. ಆದರೆ ಮೋಟಾರಿಗೆ ಭ್ರಾಮಕವೆಂಬ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆಂಬುದರಲ್ಲಿ ಸಂದೇಹವಿಲ್ಲ.

ಈ ಭ್ರಾಮಕಕ್ಕೆ ಎರಡು ಅಂಗಗಳು. ಹೊರಗಿನದು ಅಲುಗದೆ ನಿಂತಿರುವ ಸ್ಥಿರಭಾಗ. ಒಳಗಿನದು ತಿರುಗುವ ಚರಭಾಗ. ಸ್ಥಿರಭಾಗದ ಒಳಮೈಯಲ್ಲಿ ತಾಮ್ರದ ತಂತಿಯ ಸುರುಳಿಗಳನ್ನು ಮೂರು ತಂಡಗಳಾಗಿ ಜೋಡಿಸಿರುತ್ತಾರೆ. ಮೂರಕ್ಕೂ ಒಂದೇ ಕಾಲದಲ್ಲಿ ಪ್ರವಾಹವು ಏರುವುದಿಲ್ಲ. ಒಂದರ ಪ್ರವಾಹವು ಇಳಿಯುತ್ತಿರುವಾಗ ಮತ್ತೊಂದರದು ಏರುತ್ತದೆ, ಅದು ಇಳಿಯುವಾಗ ಮೂರನೆಯದು ಏರುತ್ತದೆ. ಇದಕ್ಕೆ ದೃಷ್ಟಾಂತವನ್ನು ಹೇಳೋಣ. ಅಂಗಳದ ನಡುವೆ ಗೂಟಕ್ಕೆ ಒಂದು ಕರುವನ್ನು ಕಟ್ಟಿದೆ. ಸುತ್ತಲೂ ಮೂವರು ಹಸಿಹುಲ್ಲಿನ ಹಿಡಿಯನ್ನು ಹಿಡಿದು ನಿಂತಿದ್ದಾರೆ. ಮೊದಲನೆಯವನು ಹುಲ್ಲನ್ನು ತೋರಿಸುತ್ತಾನೆ; ಕರು ಅತ್ತ ನಡೆಯುತ್ತದೆ. ಅದು ಸಮೀಪಿಸುವಷ್ಟರಲ್ಲಿ ಅವನು ಹುಲ್ಲನ್ನು ಮರೆಮಾಡುತ್ತಾನೆ, ಎರಡನೆಯವನು ತೋರಿಸುತ್ತಾನೆ. ಆಮೇಲೆ ಮೂರನೆಯವನು, ಮತ್ತೆ ಮೊದಲನೆಯವನು. ನಿಂತವರು ಯಾರೂ ಕದಲಲಿಲ್ಲ. ಕರು ಮಾತ್ರ ಗೂಟವನ್ನು ಸುತ್ತುತ್ತಲೇ ಇದೆ. ಮೂವರು ಮನುಷ್ಯರೇ ಮೂರು ತಂಡದ ಸುರುಳಿಗಳು, ಹುಲ್ಲೇ ಅಯಸ್ಕಾಂತದ ಆಕರ್ಷಣೆ, ಕರುವೇ ಚರಭಾಗ. ತಾನು ಕದಲದೆ ಕಬ್ಬಿಣವನ್ನು ಕದಲಿಸುವ ಅಯಸ್ಕಾಂತದ ಉಪಮೆಯನ್ನು ಸಾಂಖ್ಯದವರಿಂದ ಕಲಿತವರಿಗೆ ಇದು ಅಪರಿಚಿತವಲ್ಲ.

ನಮ್ಮ ರೈತರಿಗಂತೂ ಈ ಯಂತ್ರವು ಹೊಸದೇ ಅಲ್ಲ. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ನೀರನ್ನೆತ್ತುವ ತ್ರೀ ಫೇಸ್ ಮೋಟಾರು ಇದೇ ವಂಶದ್ದು. ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಪಂಪು ಹಿಮ್ಮುಖವಾಗಿ ತಿರುಗುತ್ತದೆಂಬುದನ್ನು ಅಲ್ಲಿಯ ಹುಡುಗರೂ ಬಲ್ಲರು. ಹುಲ್ಲು ತೋರಿಸುವವರ ಸರದಿಯನ್ನು ತಿರುಗಿಸಿದರೆ ಕರು ಎದುರು ದಿಕ್ಕಿಗೆ ಸುತ್ತುವುದಲ್ಲವೆ? ಹಾಗೆಯೇ ಇದೂ. ವಿದ್ಯುತ್ ಗಾಡಿಯನ್ನು ಹಿಂದಕ್ಕೆ ನಡೆಯಿಸಲು ಬೇರೆ ಹಲ್ಲುಗಾಲಿಗಳು ಬೇಡ. ಸುರುಳಿಗಳ ಸರದಿಯನ್ನು ಬದಲಾಯಿಸಿದರೆ ಸಾಕು. ಸರದಿಯನ್ನು ತ್ವರೆಗೊಳಿಸಿದರೆ ವೇಗವು ಹೆಚ್ಚುತ್ತದೆ, ನಿಧಾನಗೊಳಿಸಿದರೆ ಕಡಿಮೆಯಾಗುತ್ತದೆ. ಪಂಪಿನ ಮೋಟಾರಿಗೆ ಸರಬರಾಜಿನ ತಂತಿಯು ಕೊಡುವ ವೇಗವೊಂದೇ ಗತಿ. ಗಾಡಿಯಲ್ಲಾದರೋ, ಚಾಲಕನ ಕಾಲೊತ್ತನ್ನು ಅನುಸರಿಸಿ ಈ ಸರದಿಯನ್ನು ಕ್ಷಣಕ್ಷಣಕ್ಕೂ ಮಾರ್ಪಡಿಸುವ ಇನ್ವರ್ಟರ್ ಎಂಬ ಉಪಕರಣವೊಂದಿದೆ.

ನೀರೆತ್ತುವ ಬಗೆಯ ಮೋಟಾರಿನ ಚರಭಾಗದಲ್ಲಿ ಅಯಸ್ಕಾಂತವಿರುವುದಿಲ್ಲ. ಸ್ಥಿರಭಾಗದ ಸುತ್ತಾಟದಿಂದಲೇ ಅದರೊಳಗೆ ಪ್ರವಾಹವು ಹುಟ್ಟಿ, ಅದೂ ಅಯಸ್ಕಾಂತದಂತೆ ನಡೆದುಕೊಳ್ಳುತ್ತದೆ. ಇದಕ್ಕೆ ಇಂಡಕ್ಷನ್ ಮೋಟಾರೆಂದು ಹೆಸರು. ಟೆಸ್ಲಾ ಎಂಬ ಯಂತ್ರಜ್ಞನು ಇದಕ್ಕಾಗಿ ಅಮೆರಿಕದಲ್ಲಿ ಪೇಟೆಂಟನ್ನು ಪಡೆದದ್ದು 1888ರಲ್ಲಿ. ಇಂದಿನ ಅನೇಕ ಗಾಡಿಗಳ ಚರಭಾಗದಲ್ಲಿ ನಿಯೋಡೈಮಿಯಂ ಎಂಬ ಲೋಹವನ್ನು ಕೂಡಿಸಿ ಮಾಡಿದ ಬಲವಾದ ಅಯಸ್ಕಾಂತಗಳನ್ನೇ ಹುದುಗಿಸಿರುತ್ತಾರೆ. ಇದರಿಂದ ಮೋಟಾರು ಚಿಕ್ಕದಾಗುತ್ತದೆ, ನಷ್ಟವೂ ಕಡಿಮೆ.

ಮೂರು ಸರದಿಯ ಈ ಪ್ರವಾಹಕ್ಕೂ ನಮ್ಮ ಸೀಮೆಯ ನೀರಿಗೂ ಹಳೆಯ ನಂಟಿದೆ. ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ತೊಳೆದುಹೋಗುವ ಕಾವೇರಿ, ಇವೆರಡೂ ಮುಂದೆ ಕೂಡಿಕೊಂಡು ಶಿವನಸಮುದ್ರದಲ್ಲಿ ಧುಮುಕುತ್ತವೆ. ಆ ಜಲಪಾತದ ಬಲದಿಂದ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ತೊಂಬತ್ತಕ್ಕೂ ಹೆಚ್ಚು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ಹೀಗೆ ನಮ್ಮ ಹೊಳೆಗಳ ನೀರು ಊರಿನಲ್ಲಿ ದೀಪವನ್ನು ಹೊತ್ತಿಸುವುದಕ್ಕೆ ಮುಂಚೆಯೇ ಗಣಿಯಲ್ಲಿ ಯಂತ್ರಗಳನ್ನು ತಿರುಗಿಸಿತ್ತು.

ವಿದ್ಯುತ್ ಗಾಡಿಯೂ ಇಂದು ನಿನ್ನೆಯದಲ್ಲ. ಗಂಟೆಗೆ ನೂರು ಕಿಲೋಮೀಟರಿನ ವೇಗವನ್ನು ಮೊಟ್ಟಮೊದಲು ಮೀರಿದ ಮೋಟಾರು ಗಾಡಿಯು ವಿದ್ಯುತ್ತಿನಿಂದಲೇ ನಡೆದದ್ದು. 1899ರಲ್ಲಿ ಫ್ರಾನ್ಸಿನಲ್ಲಿ ಜೆನಾಟ್ಜಿ ಎಂಬಾತನು ಅದನ್ನು ಓಡಿಸಿದನು. ಪೆಟ್ರೋಲ್ ಗಾಡಿಯನ್ನು ಆಗ ಕೈಯಿಂದ ಹಿಡಿಕೆ ತಿರುಗಿಸಿ ಎಬ್ಬಿಸಬೇಕಾಗಿತ್ತು. 1912ರಲ್ಲಿ ಅದನ್ನು ಎಬ್ಬಿಸುವ ಕೆಲಸಕ್ಕೆ ಒಂದು ಪುಟ್ಟ ವಿದ್ಯುತ್ ಮೋಟಾರು ಬಂದಿತು. ಅಂದಿನಿಂದ ಪೆಟ್ರೋಲ್ ಗಾಡಿ ಎಲ್ಲರ ಕೈಗೂ ಸುಲಭವಾಗಿ, ವಿದ್ಯುತ್ ಗಾಡಿಯು ಮೂಲೆಗೆ ಸೇರಿತು. ಮನೆಯವನನ್ನು ಹೊರಗಟ್ಟಲು ಮನೆಯ ಕೊಡಲಿಯ ಕಾವೇ ನೆರವಾದಂತಾಯಿತು. ಅದನ್ನು ಮರಳಿ ಬೀದಿಗೆ ತಂದವರಲ್ಲಿ ಕನ್ನಡನಾಡಿನವರ ಪಾಲೂ ಉಂಟು. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು 2001ರಲ್ಲಿ ರೇವಾ ಎಂಬ ಪುಟ್ಟ ಗಾಡಿಯನ್ನು ಮಾರಾಟಕ್ಕೆ ತಂದಿತು. ಅದರಲ್ಲಿದ್ದುದು ಸೀಸದ ಬ್ಯಾಟರಿಗಳು. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರು ಓಡುವುದೆಂದು ಹೇಳುತ್ತಿದ್ದರು. ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. 2010ರಲ್ಲಿ ಆ ಸಂಸ್ಥೆಯು ಮಹೀಂದ್ರಾ ಕಂಪನಿಯ ಕೈಸೇರಿತು. ರೇವಾ ಈಗ ತಯಾರಾಗುತ್ತಿಲ್ಲ. 2017ರಲ್ಲಿ ಕರ್ನಾಟಕ ಸರಕಾರವು ಭಾರತದ ರಾಜ್ಯಗಳಲ್ಲಿಯೇ ಮೊದಲನೆಯದಾಗಿ ವಿದ್ಯುತ್ ವಾಹನಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು.

ಇನ್ನು ಲೆಕ್ಕವನ್ನು ನೋಡೋಣ. ಒಂದು ಸಾವಿರ ವಾಟ್ಟಿನ ಹೀಟರು ಒಂದು ಗಂಟೆ ಉರಿದರೆ ಖರ್ಚಾಗುವುದು ಒಂದು ಯೂನಿಟ್ಟು. ಸಂಸಾರಸ್ಥರು ಕೊಳ್ಳುವ ಬಹುತೇಕ ಗಾಡಿಗಳ ಲಿಥಿಯಂ ಬ್ಯಾಟರಿಗಳಲ್ಲಿ ಸುಮಾರು 20ರಿಂದ 60 ಯೂನಿಟ್ಟುಗಳವರೆಗೆ ಹಿಡಿಯುತ್ತದೆ. ಗೋಡೆಯಿಂದ ಎಳೆದ ಒಂದು ಯೂನಿಟ್ಟಿಗೆ, ತುಂಬುವಾಗ ಆಗುವ ನಷ್ಟವನ್ನೂ ಕಳೆದು, ಮಧ್ಯಮ ಗಾತ್ರದ ಗಾಡಿಯು ಆರೂವರೆ ಕಿಲೋಮೀಟರು ನಡೆಯುತ್ತದೆಂದು ಇಟ್ಟುಕೊಳ್ಳೋಣ. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯು ಸುಮಾರು 9 ಯೂನಿಟ್ಟು. ಅದರಿಂದ ಪೆಟ್ರೋಲ್ ಗಾಡಿಯು ಹದಿನಾರು ಕಿಲೋಮೀಟರು ಹೋದರೆ, ಅಷ್ಟೇ ಶಕ್ತಿಯಿಂದ ವಿದ್ಯುತ್ ಗಾಡಿಯು ಐವತ್ತೆಂಟು ಕಿಲೋಮೀಟರು ಹೋಗುತ್ತದೆ. ಕಾರಣವೇನೆಂದರೆ, ಪೆಟ್ರೋಲಿನ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಹೊಗೆಯ ಕೊಳವೆಯಿಂದಲೂ ಎಂಜಿನ್ನಿನ ಮೈಯಿಂದಲೂ ಹೊರಟುಹೋಗುತ್ತದೆ. ಒಳ್ಳೆಯ ಮೋಟಾರಾದರೋ ತನಗೆ ಕೊಟ್ಟದ್ದರಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸನ್ನು ಚಕ್ರಕ್ಕೆ ಒಪ್ಪಿಸುತ್ತದೆ.

ಇನ್ನೊಂದು ಗುಣವನ್ನೂ ಹೇಳಬೇಕು. ತಿರುಗಿಸಿದರೆ ವಿದ್ಯುತ್ತನ್ನು ಹುಟ್ಟಿಸುವ ಯಂತ್ರವೂ ಮೋಟಾರೇ. ಚಾಲಕನು ಕಾಲನ್ನು ಎತ್ತಿದಾಗ, ಇಳಿಜಾರಿನಲ್ಲಿ ಚಕ್ರಗಳೇ ಮೋಟಾರನ್ನು ತಿರುಗಿಸಿ ಬ್ಯಾಟರಿಯನ್ನು ತುಂಬುತ್ತವೆ. ಸಕಲೇಶಪುರದಿಂದ ಶಿರಾಡಿ ಘಾಟಿಯನ್ನು ಇಳಿಯುವ ಒಂದೂವರೆ ಟನ್ನಿನ ಗಾಡಿಯು ಏಳುನೂರು ಮೀಟರು ಕೆಳಕ್ಕೆ ಬಂದರೆ, ಆ ಇಳಿತದಲ್ಲಿ ಅಡಗಿರುವ ಶಕ್ತಿಯು ಹತ್ತಿರ ಹತ್ತಿರ ಮೂರು ಯೂನಿಟ್ಟು. ಗಾಳಿಯ ತಡೆ, ರಸ್ತೆಯ ತಿಕ್ಕಾಟಗಳಿಗೆ ಸಲ್ಲುವುದನ್ನು ಕಳೆದು ಉಳಿದ ಒಂದು ಭಾಗವು ಬ್ಯಾಟರಿಗೆ ಮರಳುತ್ತದೆ. ಇದು ಸಂಪಾದನೆಯಲ್ಲ, ಉಳಿತಾಯ. ಹಿಂತಿರುಗಿ ಘಾಟಿಯನ್ನು ಹತ್ತುವಾಗ ಅದಕ್ಕಿಂತ ಹೆಚ್ಚಾಗಿಯೇ ತೆರಬೇಕಾಗುವುದು.

ಈಗ ತುಂಬುವ ಕ್ರಮ. ಮನೆಗೆ ಬರುವುದು ಹಿಂದುಮುಂದಾಗಿ ಹರಿಯುವ ಪ್ರವಾಹ. ಬ್ಯಾಟರಿಯು ಸ್ವೀಕರಿಸುವುದು ಒಂದೇ ಮುಖವಾಗಿ ಹರಿಯುವ ಪ್ರವಾಹವನ್ನು. ಆದ್ದರಿಂದ ಗಾಡಿಯೊಳಗೇ ಇದನ್ನು ಪರಿವರ್ತಿಸುವ ಚಾರ್ಜರು ಇರುತ್ತದೆ. ಅಡುಗೆಮನೆಯ ದಪ್ಪ ಸಾಕೆಟ್ಟಿನಂಥ ಹದಿನಾರು ಆಂಪಿಯರಿನ ಸಾಕೆಟ್ಟಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ಟುಗಳನ್ನು ಕೊಡಬಹುದು. ಗೋಡೆಗೆ ಬೇರೆಯಾಗಿ ಪೆಟ್ಟಿಗೆಯನ್ನು ಕೂಡಿಸಿದರೆ ಏಳರವರೆಗೆ. ಹೆದ್ದಾರಿಗಳಲ್ಲಿರುವ ಶೀಘ್ರ ಚಾರ್ಜರುಗಳು ಪರಿವರ್ತನೆಯನ್ನು ಹೊರಗೇ ಮುಗಿಸಿ, ಬ್ಯಾಟರಿಗೆ ನೇರವಾಗಿ ಕೊಡುತ್ತವೆ. ಅವುಗಳ ಬಲವು ಗಂಟೆಗೆ ಮೂವತ್ತು, ಅರವತ್ತು, ಅದಕ್ಕೂ ಮೇಲೆ. ಆದರೆ ಕಿರುಬಾಯಿಯ ಜಾಡಿಗೆ ಎಣ್ಣೆಯನ್ನು ಹೊಯ್ಯುವವಳು ಮೊದಲು ಧಾರಾಳವಾಗಿ ಹೊಯ್ದು ಕಂಠದ ಹತ್ತಿರ ಬಂದಾಗ ಕೈಯನ್ನು ಬಿಗಿಹಿಡಿಯುವಂತೆ, ನೂರಕ್ಕೆ ಎಂಬತ್ತು ಪಾಲು ತುಂಬಿದ ಮೇಲೆ ಗಾಡಿಯು ತಾನೇ ವೇಗವನ್ನು ಇಳಿಸುತ್ತದೆ. ಇಲ್ಲವಾದರೆ ಬ್ಯಾಟರಿಗೆ ಹಾನಿ.

ಇಷ್ಟನ್ನು ತಿಳಿದ ಮೇಲೆ ಮೊದಲಿನ ಎರಡು ಪ್ರಶ್ನೆಗಳಿಗೆ ಸಮಾಧಾನವು ಸುಲಭ. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ನಲವತ್ತು ಕಿಲೋಮೀಟರಿನೊಳಗಿನ ಊರುಗಳು. ಹೋಗಿಬಂದರೆ ಎಂಬತ್ತನ್ನು ಮೀರದು. ತಯಾರಕರು ಹೇಳುವ ದೂರದಲ್ಲಿ ಕಾಲುಭಾಗವನ್ನು ಕಳೆದು ಎಣಿಸಿದರೂ ಇಂದಿನ ಗಾಡಿಗಳಿಗೆ ಇದು ದೊಡ್ಡ ಪ್ರಯಾಣವಲ್ಲ. ಬೆಂಗಳೂರಿಗೆ ಹೋಗುವವನು ಮಾತ್ರ ನಡುವೆ ಎಲ್ಲಿ ತುಂಬಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪೆಟ್ರೋಲ್ ಬಂಕಿನ ರೂಢಿಯಿಂದ ಯೋಚಿಸುವವರು ಗಾಡಿಯು ಬರಿದಾದ ಮೇಲೆ ತುಂಬಿಸುವುದನ್ನು ನಿರೀಕ್ಷಿಸುತ್ತಾರೆ. ಇದು ಹಾಗಲ್ಲ. ದುಡಿದು ಬಂದ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿದರೆ ಬೆಳಗಾಗುವಷ್ಟರಲ್ಲಿ ಅದಕ್ಕೆ ವಿಶ್ರಾಂತಿಯೂ ಆಯಿತು, ಹೊಟ್ಟೆಯೂ ತುಂಬಿತು. ಈ ಗಾಡಿಯ ಧರ್ಮವೂ ಅದೇ. ಆದಕಾರಣ ಇದರ ನಿಜವಾದ ಬಂಕು ನಮ್ಮ ಮನೆಯ ಗೋಡೆ. ಮೂರನೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ: ರಾತ್ರಿಯೆಲ್ಲ ಈ ಭಾರವನ್ನು ಹೊರಲು ಮನೆಯ ತಂತಿಯು ಯೋಗ್ಯವಾಗಿದೆಯೆ?

ನಮ್ಮ ತಮ್ಮನ ಮಗನು ಹೊಳೆನರಸೀಪುರದ ಹಳೆಯ ಹೆಂಚಿನ ಮನೆಯಲ್ಲಿದ್ದುಕೊಂಡು ಹಾಸನಕ್ಕೆ ದಿನವೂ ಕೆಲಸಕ್ಕೆ ಹೋಗುವವನು. ಅವನು ಗಾಡಿಯನ್ನು ಕೊಂಡುತಂದ ಮರುದಿನವೇ, "ದೊಡ್ಡಪ್ಪ, ಗಾಡಿ ಚಾರ್ಜೇ ಹಿಡೀತಿಲ್ಲ. ಕೆಂಪು ದೀಪ ತೋರಿಸ್ತಿದೆ" ಎಂದು ಕರೆದನು. ನಾವು ಹೋಗುವಷ್ಟರಲ್ಲಿ ವಿದ್ಯುತ್ ಕೆಲಸದವನೊಬ್ಬನು ಬಂದು ಪರೀಕ್ಷಿಸಿದ್ದನು. ಮನೆಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಅದನ್ನು ಅರಿತ ಗಾಡಿಯು ಪ್ರವಾಹವನ್ನು ತೆಗೆದುಕೊಳ್ಳಲೊಲ್ಲದೆ ನಿಂತಿತ್ತು. "ಅದಕ್ಕೇನ್ ಸ್ವಾಮಿ, ಸಾಕೆಟ್ಟೊಳಗೆ ನ್ಯೂಟ್ರಲ್ಲಿಂದ ಅರ್ಥಿಗೆ ಒಂದು ತುಂಡು ತಂತಿ ಕೊಟ್ಟರೆ ಆಯ್ತು. ಹಸುರು ದೀಪ ಬರುತ್ತೆ" ಎಂದು ಅವನು ಆಗಲೇ ಸಾಕೆಟ್ಟನ್ನು ಬಿಚ್ಚುತ್ತಿದ್ದನು. ಹಸುರು ದೀಪವು ಬರುವುದು ನಿಜ. ಆದರೆ ಅದು ಗಾಡಿಗೆ ಹೇಳಿದ ಸುಳ್ಳು. ಗಾಡಿಯ ಲೋಹದ ಮೈಯು ಅರ್ಥಿನ ತಂತಿಗೆ ಸೇರಿರುತ್ತದೆ. ಹೊರಗೆ ಎಲ್ಲಿಯಾದರೂ ನ್ಯೂಟ್ರಲ್ ತಂತಿಯು ಕಡಿದುಹೋಯಿತೆನ್ನಿ. ಹಳೆಯ ಮನೆಗಳಲ್ಲಿ ಅದೇನೂ ಅಪರೂಪವಲ್ಲ. ಆಗ ದಾರಿ ತಪ್ಪಿದ ಪ್ರವಾಹವು ಆ ತುಂಡು ತಂತಿಯ ಮೂಲಕ ಗಾಡಿಯ ಮೈಗೆ ಏರುತ್ತದೆ. ಬೆಳಗ್ಗೆ ಅಂಗಳಕ್ಕೆ ನೀರು ಹಾಕಲು ಬರಿಗಾಲಿನಲ್ಲಿ ಬರುವ ಹೆಂಗಸು, ಬಾಗಿಲ ಹಿಡಿಕೆಯನ್ನು ಹಿಡಿಯುವ ಮಗು, ಇವರ ದೇಹವೇ ಆಗ ಭೂಮಿಗೆ ದಾರಿಯಾಗುವುದು. ಆ ಮನೆಯಲ್ಲಿ ನಾಲ್ಕು ವರ್ಷದ ಮಗುವೊಂದಿದೆ. ನಾವು ಸಾಕೆಟ್ಟನ್ನು ಮುಚ್ಚಿಸಿದೆವು. ಕೆಲಸದವನು ಸ್ವಲ್ಪ ಮುನಿದನು, ಹುಡುಗನಿಗೂ ಅಸಮಾಧಾನವಾಯಿತು. ಒಂದು ವಾರ ಅವನು ಬಸ್ಸಿನಲ್ಲಿಯೇ ಹಾಸನಕ್ಕೆ ಹೋಗಿಬಂದನು.

ಆ ವಾರದಲ್ಲಿ ಮಾಡಿಸಿದ ಕೆಲಸವು ಇಷ್ಟು. ಹಿತ್ತಿಲಲ್ಲಿ ಗುಂಡಿಯನ್ನು ತೋಡಿ, ಇದ್ದಿಲು ಉಪ್ಪುಗಳ ನಡುವೆ ಕೊಳವೆಯನ್ನು ಹೂಳಿ, ನಿಜವಾದ ಅರ್ಥಿಂಗ್ ಮಾಡಿಸಿ ಅಳತೆಮಾಡಿಸಿದ್ದು. ಮೀಟರಿನ ಹಲಗೆಯಿಂದ ಗಾಡಿ ನಿಲ್ಲುವ ಜಾಗದವರೆಗೆ ನಡುವೆ ಬೇರೆ ಯಾವ ಕವಲೂ ಇಲ್ಲದಂತೆ ದಪ್ಪ ತಾಮ್ರದ ತಂತಿಯನ್ನು ಎಳೆಸಿದ್ದು. ಅದಕ್ಕೇ ಪ್ರತ್ಯೇಕವಾದ ಎಂಸಿಬಿಯನ್ನೂ, 30 ಮಿಲಿಆಂಪಿಯರಿನಷ್ಟು ಪ್ರವಾಹವು ದಾರಿ ತಪ್ಪಿದರೂ ತಟ್ಟನೆ ಕಡಿಯುವ ಆರ್‌ಸಿಸಿಬಿಯನ್ನೂ ಕೂಡಿಸಿದ್ದು. ಮನೆಗೆ ಮಂಜೂರಾಗಿದ್ದ ಲೋಡನ್ನು ಹೆಚ್ಚಿಸಲು ಅರ್ಜಿ ಕೊಟ್ಟದ್ದು. ಮಿಕ್ಸಿ ಐದು ನಿಮಿಷ ತಿರುಗುತ್ತದೆ, ಗೀಸರು ಅರ್ಧ ಗಂಟೆ ಕಾಯುತ್ತದೆ. ಗಾಡಿಯು ಗಂಟೆಗಟ್ಟಲೆ ಬಿಡುವಿಲ್ಲದೆ ಎಳೆಯುತ್ತದೆ. ಆದ್ದರಿಂದ ಸಣ್ಣ ತಂತಿ, ಸಡಿಲವಾದ ಸಾಕೆಟ್ಟು, ಕಿಟಕಿಯಿಂದ ಹೊರಕ್ಕೆ ಹಾಯಿಸಿದ ಎಕ್ಸ್‌ಟೆನ್ಷನ್ ಬೋರ್ಡು, ಇವುಗಳು ಬಿಸಿಯಾಗಿ ಕರಗಿ ಬೆಂಕಿಗೆ ಕಾರಣವಾಗುವ ಭಯವುಂಟು. ಹೊಸದಾಗಿ ತುಂಬಲಾರಂಭಿಸಿದ ದಿನಗಳಲ್ಲಿ ಒಂದು ಗಂಟೆಯ ಬಳಿಕ ಪ್ಲಗ್ಗಿನ ಹೊರಮೈಯನ್ನು ಒಣಗೈಯಿಂದ ಮುಟ್ಟಿನೋಡಬೇಕು. ಕೈಯಿಡಲಾರದಷ್ಟು ಬಿಸಿಯಾಗಿದ್ದರೆ ಮೇನು ಆರಿಸಿ ಕೆಲಸದವನನ್ನು ಕರೆಸತಕ್ಕದ್ದು.

ಖರ್ಚಿನ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಈ ಹುಡುಗನ ಸಂಚಾರವು ದಿನಕ್ಕೆ ಸುಮಾರು 65 ಕಿಲೋಮೀಟರು; ಎಂದರೆ ಹತ್ತು ಯೂನಿಟ್ಟು, ಮೂರು ಗಂಟೆಗೆ ಸ್ವಲ್ಪ ಮೇಲೆ. ತಿಂಗಳಿಗೆ ಇಪ್ಪತ್ತೈದು ದಿನವಾದರೆ 250 ಯೂನಿಟ್ಟು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟನ್ನು ಮೀರಿದ ತಿಂಗಳಿಗೆ ಪೂರ್ತಿ ಬಿಲ್ಲನ್ನು ತೆರಬೇಕಾಗುವುದು. ಎಂದರೆ ಗಾಡಿಯೊಂದೇ ಮನೆಯ ಉಚಿತ ವಿದ್ಯುತ್ತನ್ನು ತಪ್ಪಿಸಿಬಿಡಬಲ್ಲದು. ಗಾಡಿಯ ಅಂಗಡಿಯವರು ಕೊಡುವ ಉಳಿತಾಯದ ಪಟ್ಟಿಯಲ್ಲಿ ಈ ಬಾಬು ನಮಗೆ ಕಾಣಲಿಲ್ಲ. ವಿದ್ಯುತ್ ವಾಹನಗಳಿಗೆ ಬೇರೆ ದರವನ್ನು ಗೊತ್ತುಮಾಡಿರುವುದರಿಂದ, ಪ್ರತ್ಯೇಕ ಮೀಟರನ್ನು ಪಡೆಯುವ ವಿಷಯವಾಗಿ ನಮ್ಮ ಜಿಲ್ಲೆಗೆ ಸರಬರಾಜು ಮಾಡುವ ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು. ವಾರಕ್ಕೊಮ್ಮೆ ಪಕ್ಕದೂರಿಗೆ ಹೋಗಿಬರುವವರಿಗೆ ತಿಂಗಳಿಗೆ ನಲವತ್ತು ಯೂನಿಟ್ಟುಗಳು ಸಾಕಾದೀತು. ಅವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ.

ಈ ಗಾಡಿಯು ಹೊಗೆಯನ್ನೇ ಅರಿಯದೆಂದು ಹೊಗಳುವವರಿಗೂ ಒಂದು ಮಾತು. ನಮ್ಮ ತಂತಿಯಲ್ಲಿ ಬರುವುದು ಶರಾವತಿಯ ನೀರಿನ ಶಕ್ತಿ, ಪಾವಗಡದ ಬಿಸಿಲಿನ ಶಕ್ತಿ ಮಾತ್ರವಲ್ಲ. ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲಿನದೂ ಅದರಲ್ಲಿ ಬೆರೆತಿದೆ. ಆದರೆ ಬೀದಿಯಲ್ಲಿ ಆಡುವ ಮಕ್ಕಳ ಮೂಗಿಗೆ ಹೊಗೆಯಿಲ್ಲದಿರುವುದೂ, ಕಡಿಮೆ ಶಕ್ತಿಯಲ್ಲಿ ಹೆಚ್ಚು ದೂರ ಸಾಗುವುದೂ ಸಣ್ಣ ಲಾಭಗಳಲ್ಲ. ಆದುದರಿಂದ ನಾವು ಈ ಗಾಡಿಗಳ ಪಕ್ಷದವರೇ. ನಮ್ಮ ನಾಲ್ಕು ಊರುಗಳ ಗೃಹಸ್ಥರಿಗೆ ಹೇಳುವುದು ಇಷ್ಟೇ: ಗಾಡಿಯ ಬಣ್ಣವನ್ನು ಆರಿಸುವ ಮುಂಚೆ ಮೀಟರಿನ ಹಲಗೆಯನ್ನು ಬಿಚ್ಚಿಸಿ ನೋಡಿರಿ, ಮುಂಗಡವನ್ನು ಕೊಡುವ ಮುಂಚೆ ಅರ್ಥಿಂಗಿನ ಗುಂಡಿಯನ್ನು ತೋಡಿಸಿರಿ. ಕೊಟ್ಟಿಗೆಯನ್ನು ಕಟ್ಟಿದ ಮೇಲೆ ಎತ್ತನ್ನು ತರುವುದು ನಮ್ಮ ಹಿರಿಯರ ಪದ್ಧತಿ. ಆ ಪದ್ಧತಿಯನ್ನು ಈ ಹೊಸ ಎತ್ತಿಗೂ ನಡೆಯಿಸಿದರೆ ಮನೆಯವರು ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು.